ತಾನಾಗಿ ಪೊರೆ ಬಿಡುವ ಹುಳು

ಕಾಲ ಯಾರಿಗೂ ಕಾಯುವುದಿಲ್ಲ ಎಂದು ಹಿರಿಯರು ಹೇಳಿದ್ದಾರೆ. ಆ ಹಿರಿಯರು ಮಳವಳ್ಳಿ ಕಡೆಯ ಯಾವ ಸಮಾರಂಭಕ್ಕೂ ಬಂದವರಲ್ಲ. ಇಲ್ಲಿ ಕಾಲ ಅಧ್ಯಕ್ಷರಿಗಾಗಿ ಕಾಯುತ್ತದೆ. ಬಿಸಿಲಲ್ಲಿ, ಕೈಯಲ್ಲಿ ಹಾರ ಹಿಡಿದು.

ಮೊನ್ನೆ ಹಲಗೂರಿನಲ್ಲಿ ಒಬ್ಬಾತ ರೇಷ್ಮೆಗೂಡಿನ ಮೂಟೆಯನ್ನು ಬಸ್ಸಿಗೆ ಹತ್ತಿಸಿ ನನ್ನ ಮೊಣಕಾಲಿಗೆ ಒರಗಿಸಿಟ್ಟ. ಅದರ ವಾಸನೆಯನ್ನು ಬಲ್ಲವರಿಗೆ ವರ್ಣಿಸಬೇಕಿಲ್ಲ, ಅರಿಯದವರಿಗೆ ವರ್ಣಿಸಿ ಪಾಪ ಕಟ್ಟಿಕೊಳ್ಳಲಾರೆ. ಮೂಗಿಗೆ ಕರವಸ್ತ್ರ ಹಿಡಿದು ಕೂತವನಿಗೆ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಮೇಷ್ಟ್ರು ನೆನಪಾದರು...

ನಾನು ಅಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಅವರು ಪೂರಿಗಾಲಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ತಲೆ ನರೆತಿದ್ದರೂ ಕೆಲಸ ಖಾಯಂ ಆಗಿರಲಿಲ್ಲ. ಪ್ರತಿ ಜೂನ್‌ನಲ್ಲಿ ಹೊಸದಾಗಿ ಅರ್ಜಿ ಕೊಟ್ಟು ಹಳೆಯ ಕುರ್ಚಿಯಲ್ಲೇ ಬಂದು ಕೂರಬೇಕು. ಆ ವರ್ಷ ಕಾಲೇಜಿಗೆ ಪ್ರೊಜೆಕ್ಟರ್ ಬಂತು. ಅದರ ಉದ್ಘಾಟನೆಯ ದಿನ ಮೇಷ್ಟ್ರು ಒಂದು ಮಾದರಿ ಪಾಠ ಮಾಡಬೇಕು, ಆಡಳಿತ ಮಂಡಳಿಯ ಅಧ್ಯಕ್ಷರಿಗೆ ಒಪ್ಪಿಗೆಯಾದರೆ ಖಾಯಂ ಎಂದು ಮಾತಾಯಿತು.

ಅವರು ಆರಿಸಿಕೊಂಡದ್ದು ರೇಷ್ಮೆಹುಳುವಿನ ಜೀವನಚಕ್ರ. ಒಂದು ಚಿತ್ರ ಹೋಗಿ ಇನ್ನೊಂದು ಬರುವುದು ಅವರಿಗೆ ಸಾಲದು. ಮೊಟ್ಟೆ ಕರಗುತ್ತಾ ಹುಳುವಾಗಬೇಕು, ಹುಳು ಮಂಜಿನಲ್ಲಿ ಮರೆಯಾಗುವಂತೆ ಗೂಡಾಗಬೇಕು. ಅದೂ ತಾನಾಗಿ, ಅವರ ಮಾತಿನ ಕೊನೆಯ ಅಕ್ಷರಕ್ಕೆ ಸರಿಯಾಗಿ. ಸಿಬ್ಬಂದಿ ಕೊಠಡಿಯಲ್ಲಿ ಗೋಡೆಗೆ ಮುಖ ಮಾಡಿ ಭಾಷಣ ಒಪ್ಪಿಸುವರು, ಪ್ರತಿ ವಾಕ್ಯದ ಉದ್ದವನ್ನು ಕಂಪ್ಯೂಟರಿಗೆ ಕಲಿಸುವರು. ನಡುವೆ ನೀರು ಕುಡಿಯುವ ಗುಟುಕಿಗೂ ಜಾಗ ಬಿಟ್ಟಿದ್ದರು. ಯಾರಾದರೂ ಮೌಸ್ ಮುಟ್ಟಿ ತಾಳ ಕೆಡಿಸಬಾರದೆಂದು, ಒತ್ತಿದರೂ ಚಿತ್ರ ಬದಲಾಗದಂತೆ ಮಾಡಿಟ್ಟಿದ್ದರು.

ವಾಣಿಜ್ಯದ ಮೇಷ್ಟ್ರು ದಿನಾ ಬಾಗಿಲಲ್ಲಿ ನಿಂತು ಕೇಳುವರು: "ಏನ್ ಸಾ, ಹುಳ ಗೂಡ್ ಕಟ್ತಾ, ಇನ್ನೂ ಮೇಯ್ತಾನೇ ಅದಾ?"

ಇವರು ಗಂಭೀರವಾಗಿಯೇ ಉತ್ತರ ಕೊಡುವರು. "ಇಲ್ಲ ಸಾ, ಮೂರ್ನೇ ಸಲ ಪೊರೆ ಬುಡೋವಾಗ ಒಂಚೂರು ಎಗರ್ತದೆ. ನಾನು ಅಂದ್ಮೇಲೆ ಬುಡ್ಬೇಕು. ಅದು ಮುಂಚೇನೇ ಬುಡ್ತದೆ."

ಉದ್ಘಾಟನೆಯ ದಿನ ಅಧ್ಯಕ್ಷರು ವಾಡಿಕೆಯಂತೆ ತಡ. ಕೊನೆಗೆ ಕಾರು ಗೇಟಿನ ಹತ್ತಿರ ಬಂತೆಂದು ಸುದ್ದಿಯಾದಾಗ ಪ್ರಾಂಶುಪಾಲರು ಓಡಿಬಂದರು. "ಪರದೆ ಖಾಲಿ ಇದ್ರೆ ಚೆಂದಾಗಿರಾಕಿಲ್ಲ. ಹಾಕ್ಬುಡಿ ಸಾ."

"ಸಾ, ಅದು ತಾನಾಗಿ ಓಡ್ತದೆ. ನಾನು ಮಾತು ಸುರು ಮಾಡ್ದಾಗ್ಲೇ..."

"ಓಡ್ಲಿ ಬುಡಿ. ಓಡೋದ್ ನೋಡಾಕೇ ತಾನೆ ಅವ್ರು ಬತ್ತಾ ಇರೋದು?"

ಮೇಷ್ಟ್ರು ಹಾಕಿದರು. ಮರುಗಳಿಗೆಯೇ ಪ್ರಾಂಶುಪಾಲರು ಹಾರ, ಶಾಲು, ಹಣ್ಣಿನ ಬುಟ್ಟಿ ಇದ್ದ ದೊಡ್ಡ ತಟ್ಟೆಯನ್ನು ಅವರ ಎರಡೂ ಕೈಗೆ ಕೊಟ್ಟರು. ಖಾಯಂ ಆಗದವರು ತಟ್ಟೆ ಹಿಡಿಯುವುದು ನಮ್ಮಲ್ಲಿ ಅನಾದಿಯಿಂದ ಬಂದ ಧರ್ಮ.

ಪ್ರಾರ್ಥನೆ ಆಯಿತು. ಸ್ವಾಗತ ಭಾಷಣ ಆಗುತ್ತಾ ಇತ್ತು. ಹಿಂದೆ ಪರದೆಯ ಮೇಲೆ ಮೊಟ್ಟೆ ಒಡೆದು ಹುಳು ಹೊರಬಂದು ನಿಶ್ಶಬ್ದವಾಗಿ ಪೊರೆ ಬಿಡುತ್ತಾ ಹೋಯಿತು, ಒಂದು ಕೂದಲೆಳೆಯಷ್ಟೂ ಎಗರದೆ. ಅಧ್ಯಕ್ಷರ ಕೊರಳಿಗೆ ಹಾರ ಬಿದ್ದ ಹೊತ್ತಿಗೆ ಅವರ ತಲೆಯ ಮೇಲೆ ಕೊಬ್ಬಿದ ಹುಳುವೊಂದು ಮೆಲ್ಲಗೆ ಊದುತ್ತಿತ್ತು. ಕೆಳಗೆ ಅಕ್ಷರ ಮೂಡಿತು: 'ಈ ಹಂತದಲ್ಲಿ ಹುಳು ತಿನ್ನುವುದರ ಹೊರತು ಬೇರೇನೂ ಮಾಡುವುದಿಲ್ಲ.'

ಪಟಕ್ಕನೆ ಬಂದು ಹೋಗಿದ್ದರೆ ಯಾರೂ ಗಮನಿಸುತ್ತಿರಲಿಲ್ಲ. ಮೇಷ್ಟ್ರ ಕೈಚಳಕದ ನಯ ಎಂಥದೆಂದರೆ, ಹುಳು ಊದುವಷ್ಟು ಹೊತ್ತು ನಗೆಯೂ ಊದಲು ಅವಕಾಶವಿತ್ತು. ಪ್ರಾಂಶುಪಾಲರು ಮೌಸನ್ನು ಒತ್ತಿದರು, ಕುಟ್ಟಿದರು. ಅದು ಯಾರ ಮಾತನ್ನೂ ಕೇಳದು. ಮೇಷ್ಟ್ರು ತಟ್ಟೆ ಹಿಡಿದು ವೇದಿಕೆಯ ನಡುವೆ ನಿಂತಿದ್ದರು. ಅದನ್ನು ಕೆಳಗಿಡಬಹುದೆಂದು ಅವರಿಗೆ ಹೊಳೆಯಲಿಲ್ಲ.

ಆಮೇಲೆ ರೇಷ್ಮೆ ಶಾಲು. ಅಷ್ಟರಲ್ಲಿ ಪರದೆಯ ಹುಳು ಗೂಡಿನೊಳಗೆ ಮರೆಯಾಗಿತ್ತು. ಅದು ಅಧ್ಯಕ್ಷರ ಹೆಗಲಿಗೇರುವುದಕ್ಕೂ, 'ಈಗ ಇದನ್ನು ಕುದಿಯುವ ನೀರಿಗೆ ಹಾಕುತ್ತಾರೆ' ಎಂಬ ಸಾಲು ಮಂಜಿನಿಂದ ಹೊರಬರುವುದಕ್ಕೂ ಸರಿಹೋಯಿತು. ಹಿಂದಿನ ಬೆಂಚಿನಿಂದ ಒಂದು ದನಿ: "ವೊದ್ಸಿದ್ದಾಯ್ತು ಕಣ್ಲಾ, ಇನ್ ಬಿಸ್ನೀರೇ ಬಾಕಿ."

ಸಭೆ ಬಿದ್ದು ಬಿದ್ದು ನಕ್ಕಿತು. ಅಧ್ಯಕ್ಷರು ತಿರುಗಿ ನೋಡಿದರು. ಓದಿದರು. ಮಾದರಿ ಪಾಠದ ಸರದಿ ಬಂದಾಗ ಮೇಷ್ಟ್ರು ಅಂದರು: "ಸಾ, ಇನ್ನೊಂದ್ಸಲ ಮೊದ್ಲಿಂದ ಹಾಕ್ತೀನಿ. ಮಾತಿನ ಜೊತೇಲಿ ನೋಡ್ಬೇಕು ಸಾ, ಅದು..."

"ಎಲ್ಲಾ ನೋಡ್ದೊ ಮೇಷ್ಟ್ರೇ," ಎಂದರು ಅಧ್ಯಕ್ಷರು, ನಗುನಗುತ್ತಲೇ. "ಯಾರು ಬರೀ ತಿಂತಾರೆ ಅಂತ ಮಕ್ಕಳ್ಗೂ ಗೊತ್ತಾಯ್ತು. ತಟ್ಟೆ ಅಲ್ಲೇ ಮಡಗ್ಬುಟ್ಟು ನೀವು ಮನೆಗ್ ವೋಗಿ."

ಮೇಷ್ಟ್ರು ತಟ್ಟೆ ಮಡಗಿದರು. ಅದಕ್ಕೂ ಜನ ನಕ್ಕರು. ನಾವು ಅಧ್ಯಾಪಕರು ಮುಂದಿನ ಸಾಲಿನಲ್ಲಿ ಕೂತು ನೆಲ ನೋಡಿದೆವು. ಊಟ ಬಡಿಸುವಾಗ ತಲೆ ಎತ್ತಿದೆವು.

ಮುಂದಿನ ಜೂನ್‌ನಲ್ಲಿ ಅವರ ಅರ್ಜಿ ತೆಗೆದುಕೊಳ್ಳಲಿಲ್ಲ. ಕಿರುಗಾವಲಿನಲ್ಲಿ ಮನೆಪಾಠ ಹೇಳುತ್ತಿದ್ದರೆಂದು ಕೇಳಿದೆ. ಎದುರಾದಾಗ ಒಮ್ಮೆ ಮಾತಾಡಿಸಿದ್ದೆ. ಗುರುತು ಸಿಕ್ಕರೂ ಸಿಗದವರಂತೆ ಹೊರಟುಹೋದರು... ಹೋದ ವರ್ಷ ತೀರಿಕೊಂಡ ಸುದ್ದಿ ತಿಥಿಯೂ ಕಳೆದ ಮೇಲೆ ತಿಳಿಯಿತು. ಅಷ್ಟು ಚೆನ್ನಾಗಿ ಪಾಠ ಸಿದ್ಧಮಾಡಿದ ಇನ್ನೊಬ್ಬರನ್ನು ನಾನು ಕಂಡಿಲ್ಲ. ಆ ಪಾಠವನ್ನು ಅವರ ಬಾಯಿಂದ ಯಾರೂ ಕೇಳಲಿಲ್ಲ.

ಹುದ್ದೆ ಅಧ್ಯಕ್ಷರ ಸೋದರಳಿಯನಿಗೆ ಖಾಯಂ ಆಯಿತು. ಆತ ಕರಿಹಲಗೆಯ ಮೇಲೆ ಬರೆದು ಪಾಠ ಮಾಡುತ್ತಾನೆ.