ಅರಸರು ಆಡದ ಮಾತು, ಅಕ್ಕನ ಹೊಲ

ಶಿಕಾರಿಪುರದ ಬಸ್ ನಿಲ್ದಾಣದ ಎದುರು ಚಹಾ ಕುಡಿಯುತ್ತ ಪತ್ರಿಕೆ ಬಿಡಿಸಿದವನು ಲೋಟ ಕೆಳಗಿಟ್ಟುಬಿಟ್ಟೆ. ‘ಕೆರೆ ಬಯಲು ನಮ್ಮ ಮನೆತನದ್ದು, ಮರಳಿ ವಹಿಸಿಕೊಳ್ಳುತ್ತೇವೆ’ ಎಂದು ದಪ್ಪಕ್ಷರದಲ್ಲಿತ್ತು. ಕೆಳಗೆ, ಹಳೆಯ ಅರಸು ಮನೆತನದ ಹಿರಿಯರೊಬ್ಬರು ಕೆರೆಗೆ ಬಾಗಿನ ಬಿಡುತ್ತಿರುವ ಫೋಟೊ.

ಸೊರಬ ತಾಲ್ಲೂಕಿನ ಉಳವಿ ಕಡೆಯ, ಆ ಕೆರೆಯಿರುವ ಊರಿಗೆ ನನ್ನ ಅಕ್ಕನನ್ನು ಕೊಟ್ಟಿದೆ. ಹಿಂದಿನ ದಿನದ ಬಾಗಿನ ಸಮಾರಂಭದಲ್ಲಿ ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ. ಅರಸರು ಹೇಳಿದ್ದು ಬೇರೆಯೇ. “ಈ ಕೆರೆ ಕಟ್ಟಿಸಿದ್ದು ನಮ್ಮ ಹಿರಿಯರಂತೆ. ಹೂಳೆತ್ತಿ ಉಳಿಸಿಕೊಂಡವರು ನೀವು. ಕೆರೆಯೂ ನಿಮ್ಮದು, ಸುತ್ತಲಿನ ನೆಲವೂ ನಿಮ್ಮದು. ನಾನಿಲ್ಲಿ ಬರೀ ಅತಿಥಿ” ಎಂದು ಕೈಮುಗಿದು ಕೂತಿದ್ದರು.

ಅಕ್ಕನ ಹೊಲ ಇರುವುದು ಆ ಕೆರೆಯ ಅಂಚಿಗೇ. ಭಾವನ ಮೊಣಕಾಲು ಕೈಕೊಟ್ಟ ಮೇಲೆ ಬೀಳು ಬಿದ್ದಿತ್ತು. ಶಿಕಾರಿಪುರದ ಶುಂಠಿ ಸಾಹುಕಾರರೊಬ್ಬರ ಬೆನ್ನುಬಿದ್ದು ಮುಂದಿನ ಬೆಳೆಗೆ ಗುತ್ತಿಗೆ ಹಿಡಿಯಲು ಒಪ್ಪಿಸಿದ್ದೆ. ಬಾಯಿಮಾತು ಮುಗಿದಿತ್ತು, ಸಹಿ ಬಾಕಿ. ಹಳೇ ಟ್ರ್ಯಾಕ್ಟರುಗಳನ್ನು ಕೊಡಿಸಿ, ಮಾರಿಸಿ ತಲೆಯೆತ್ತಿದವನು ನಾನು. ಎಂಜಿನ್ನಿನ ಬಗ್ಗೆ ಅನುಮಾನ ಬಂದರೆ ಓಡಿಸಿ ತೋರಿಸಬಹುದು. ನೆಲದ ಬಗ್ಗೆ ಅನುಮಾನ ಬಂದರೆ ಏನನ್ನು ಓಡಿಸುವುದು?

ಅಷ್ಟರಲ್ಲಿ ಅಕ್ಕನ ಫೋನು. “ಅರಸ್ರು ನಮ್ ಹೊಲ ವಾಪಸ್ ಕೇಳ್ತಿದಾರಂತಲ್ಲೋ?”

“ನೀನೂ ಅಲ್ಲೇ ಕೂತಿದ್ಯಲ್ಲೇ, ಹಂಗಂದ್ರಾ ಅವ್ರು?”

“ಅನ್ಲಿಲ್ಲ ಮಾರಾಯ. ಆದ್ರೆ ಪೇಪರ್‌ನಲ್ಲಿ ಐತಲ್ಲ. ನಿನ್ ಸಾಹುಕಾರ ಅದನ್ನ ಓದಿದ್ರೆ ಇತ್ಲಾಗೆ ತಲೆ ಹಾಕ್ತಾನಾ?”

ಕೂತಲ್ಲಿ ಕೂರಲಾಗಲಿಲ್ಲ. ಬೈಕು ಹತ್ತಿ ಸೊರಬಕ್ಕೆ ಹೋದೆ. ಆ ಸುದ್ದಿ ಬರೆದ ವರದಿಗಾರ ತನ್ನ ಜೆರಾಕ್ಸ್ ಅಂಗಡಿಯಲ್ಲಿದ್ದ.

“ಅರಸ್ರು ಭಾಷಣ ಮಾಡುವಾಗ ಎಲ್ಲಿದ್ರೀ ನೀವು?”

“ಬೇರೆ ಕಾರ್ಯಕ್ರಮ ಇತ್ತು ಯಜಮಾನ್ರೇ, ಬರೋದು ಸ್ವಲ್ಪ ತಡ ಆಯ್ತು.”

“ಊಟಕ್ಕೆ ತಡ ಆಗ್ಲಿಲ್ಲ, ನಾನೇ ನೋಡಿದೀನಿ.”

ಅವನು ನಕ್ಕ. ಕೊನೆಯ ವಂದನಾರ್ಪಣೆಯನ್ನಷ್ಟೇ ಕೇಳಿ ಬರೆದಿದ್ದನಂತೆ. ನಮ್ಮ ಕಡೆ ವಂದನಾರ್ಪಣೆ ಮಾಡುವವರಿಗೆ ವಂದನೆ ಹೇಳಿದರಷ್ಟೇ ಸಾಲದು. ಅತಿಥಿಗಳ ಮಾತನ್ನು ಇನ್ನೊಮ್ಮೆ, ಬಣ್ಣ ಹಚ್ಚಿ ಹೇಳಲೇಬೇಕು. ಆ ದಿನ ವಂದಿಸಿದ ನಿವೃತ್ತ ಮೇಷ್ಟ್ರು ಭಕ್ತಿಯ ಭರದಲ್ಲಿ, “ಇದು ದೊರೆಗಳ ಕೆರೆ, ದೊರೆಗಳ ನೆಲ! ಅವರು ಮರಳಿ ಬಂದು ವಹಿಸಿಕೊಳ್ಳಲಿ!” ಎಂದು ಕೂಗಿ ಚಪ್ಪಾಳೆ ಗಿಟ್ಟಿಸಿದ್ದರು. ಆ ಮಾತೇ ಪತ್ರಿಕೆಯಲ್ಲಿ ಅರಸರ ಬಾಯಿಗೆ ಬಂದಿತ್ತು.

ಸ್ಪಷ್ಟನೆ ಹಾಕಿಸು ಎಂದೆ. ಒಳಪುಟದಲ್ಲಿ ಎರಡು ಸಾಲು ಎಂದ. ಅದೇ ಪುಟ, ಅದೇ ಜಾಗ ಎಂದೆ. ಎಳೆದಾಡಿ ಅದೇ ಪುಟಕ್ಕೆ ಒಪ್ಪಿಸಿದೆ, ಜಾಗ ಮಾತ್ರ ಮೂಲೆಗೆ ಹೋಯಿತು. ಗೆದ್ದೆ ಅಂದುಕೊಂಡೆ.

ಸ್ಪಷ್ಟನೆ ಬಂದ ದಿನವೇ ಸಾಹುಕಾರರ ಫೋನು ಬಂತು. “ಅಲ್ರೀ, ಆ ಜಮೀನಿನ ಮ್ಯಾಲೆ ಅರಮನೆಯವ್ರ ತಕರಾರು ಐತೇನ್ರೀ? ‘ಜಮೀನು ವಹಿಸಿಕೊಳ್ಳುತ್ತೇವೆ ಎಂದು ಹೇಳಿಲ್ಲ’ ಅಂತ ಪೇಪರ್‌ನಾಗ ಹಾಕ್ಯಾರ. ಏನೂ ಇಲ್ದ ಹಂಗ್ಯಾಕ ಹಾಕ್ತಾರ?”

ಮೊದಲ ಸುದ್ದಿಯನ್ನು ಅವರು ನೋಡಿಯೇ ಇರಲಿಲ್ಲ! ನಾನು ಕಾಡಿ ಬೇಡಿ ಹಾಕಿಸಿದ ಸ್ಪಷ್ಟನೆಯೇ ಅವರಿಗೆ ಸುದ್ದಿ ಮುಟ್ಟಿಸಿತ್ತು. ಆದ್ದರಿಂದ ಹೇಳುತ್ತೇನೆ, ಸ್ಪಷ್ಟನೆ ಕೊಡುವ ಮೊದಲು ನಿಮಗೆ ಬೇಕಾದವರು ಸುದ್ದಿ ಓದಿದ್ದಾರೋ ಇಲ್ಲವೋ ವಿಚಾರಿಸಿಕೊಳ್ಳಿ.

ಸಮಾರಂಭವನ್ನು ಭಾವ ಮೊಬೈಲಿನಲ್ಲಿ ಹಿಡಿದಿದ್ದ. ಅದನ್ನು ತರಿಸಿಕೊಂಡು ಸಾಹುಕಾರರ ಶುಂಠಿ ಮಂಡಿಗೆ ಓಡಿದೆ. ಅವರು ಫೋನನ್ನು ಕಿವಿಯ ಹತ್ತಿರ ಹಿಡಿದು ಅರಸರ ಮಾತು ಪೂರ್ತಿ ಕೇಳಿದರು. “ನಾನಿಲ್ಲಿ ಬರೀ ಅತಿಥಿ” ಬಂತು, ಚಪ್ಪಾಳೆ ಬಿತ್ತು. ನಾನು ಕೈಚಾಚಿದೆ. ಅವರು ಕೊಡಲಿಲ್ಲ. ವಿಡಿಯೊ ಮುಂದಕ್ಕೆ ಓಡಿ ಮೇಷ್ಟ್ರ ವಂದನಾರ್ಪಣೆ ಶುರುವಾಯಿತು. ‘ದೊರೆಗಳ ನೆಲ’ ಎಂಬ ಕೂಗು ಮಂಡಿಯ ತುಂಬ ಕೇಳಿಸಿತು. ಕಸಿದುಕೊಂಡರೆ ಅನುಮಾನ, ಬಿಟ್ಟರೆ ಅಕ್ಕನ ಹೊಲ ಮತ್ತೆ ಬೀಳು. ನಾನು ಚೀಲಗಳ ಮೇಲೆ ಕೂತೆ, ಎದ್ದೆ, ಮತ್ತೆ ಕೂತೆ.

ಸಾಹುಕಾರರು ಹೊಟ್ಟೆ ಕುಲುಕಿಸಿ ನಗತೊಡಗಿದರು. “ಅಯ್ಯೋ, ವಂದನಾರ್ಪಣೆ ಅನ್ರೀ! ಹೋದ ಸಲ ನಮ್ಮೂರ ಶಾಲೆಗೆ ಒಂದು ಗಡಿಯಾರ ಕೊಟ್ಟಿದ್ದೆ. ವಂದನಾರ್ಪಣೆ ಮಾಡಿದಾತ, ಸಾಹುಕಾರ್ರು ಪೂರ್ತಿ ಛಾವಣಿ ಹಾಕಿಸ್ತಾರ ಅಂದುಬಿಟ್ಟ. ಮನೆಯಾಕಿ ಇನ್ನೂ ಕೇಳ್ತಾಳ, ಯಾವಾಗ ಹೇಳಿದ್ರಿ ಅಂತ. ನಡೀರಿ, ಗುತ್ತಿಗೆ ಪತ್ರ ಬರೆಸೋಣ.”

ಅಲ್ಲಿಂದಲೇ ಅಕ್ಕನಿಗೆ ಫೋನು ಹಚ್ಚಿದೆ. “ಸಾಹುಕಾರ್ರು ಒಪ್ಪಿದ್ರು ಕಣೇ!”



“ಅವ್ರೇ ಅಂದ್ರೋ, ನೀನ್ ಅಂತಿದೀಯೋ?”

ನಾನು ಫೋನನ್ನು ಸಾಹುಕಾರರ ಕೈಗೆ ಕೊಟ್ಟೆ.