ಪಕ್ಕೆ ನಂದು, ಉತ್ತರ ಅವರದು

ನಾನು ಬಾಯಿ ತೆಗೆದರೆ ಸಾಕು, ನಡುವೆ ಇನ್ನೊಬ್ಬರ ಬಾಯಿ ಬಂದೇ ಬರುತ್ತದೆ. ಮೊನ್ನೆ ಕುಣಿಗಲ್ಲಿನಲ್ಲಿ ಡಾಕ್ಟರ ಮುಂದೆ ಕೂತಾಗಲೂ ಅದೇ ಆಯಿತು. ಗಾರ್ಮೆಂಟ್ಸಿನಲ್ಲಿ ಹೊಲಿಯುತ್ತಿದ್ದವಳು ಬಲಪಕ್ಕೆ ಹಿಡಿದುಕೊಂಡು ಮಿಷಿನ್ ಮೇಲೆಯೇ ಬಗ್ಗಿಬಿಟ್ಟಿದ್ದೆ. ನಮ್ಮ ಸೂಪರ್‌ವೈಸರ್ ಜಯಕ್ಕ ಆಟೋದಲ್ಲಿ ಕರೆತಂದಿದ್ದರು.

"ಎಲ್ಲಮ್ಮ ನೋವು?" ಅಂದರು ಡಾಕ್ಟರು.

"ಗ್ಯಾಸು ಸಾರ್," ಅಂದರು ಜಯಕ್ಕ. "ಬೆಳಿಗ್ಗೆ ತಿಂಡಿ ತಿನ್ನಲ್ಲ. ಸಾಲದ್ದಕ್ಕೆ ಮಗೂನ ಯಾವಾಗ್ಲೂ ಸೊಂಟದ ಮೇಲೇ ಹೊತ್ಕೊಂಡಿರ್ತಾಳೆ."

"ಅಕ್ಕಾ, ಪಕ್ಕೆ ನಿಮ್ದೋ ನಂದೋ?" ಅಂದೆ.

ನೋವು ಬೆನ್ನಿನಿಂದ ಶುರುವಾಗಿ, ಪಕ್ಕೆ ಬಳಸಿ ಕೆಳಹೊಟ್ಟೆಗೆ ಇಳಿಯುತ್ತದೆ, ಒಂದಕ್ಕೆ ಹೋದರೆ ಉರಿಯುತ್ತದೆ ಅಂತ ನಾನೇ ಹೇಳಿದೆ. ಡಾಕ್ಟರು ಸ್ಕ್ಯಾನ್ ನೋಡಿ, "ಕಿಡ್ನೀಲಿ ಕಲ್ಲಿದೆ. ನೀರು ಕುಡಿಯಲ್ವಾ?" ಅಂದರು.

"ಅವಳ ಪಕ್ಕದಲ್ಲೇ ಫಿಲ್ಟರ್ ಇದೆ ಸಾರ್," ಅಂದರು ಜಯಕ್ಕ.

ನನಗೆ ಮೈಯೆಲ್ಲ ಉರಿದುಹೋಯಿತು. "ಕುಡಿದ್ರೆ ಹೋಗ್ಬೇಕಲ್ಲ ಸಾರ್! ಎದ್ದರೆ ಸಾಕು, ಪೀಸ್ ಬಾಕಿ ಇದೆ, ಕೂತ್ಕೊಳ್ಳೇ ಅಂತಾರೆ ಇವ್ರು. ಅದಕ್ಕೇ ನಮ್ ಲೈನಲ್ಲಿ ಯಾರೂ ನೀರು ಮುಟ್ಟಲ್ಲ."

ಡಾಕ್ಟರು ಜಯಕ್ಕನ ಕಡೆ ನೋಡಿದರು. ಜಯಕ್ಕ ಔಷಧಿ ಚೀಟಿ ತಗೊಂಡು ಎದ್ದರು.

ಹೊರಗೆ ಬಂದ ಮೇಲೆ ಇನ್ನೂ ನಾಲ್ಕು ಮಾತು ಅಂದೇಬಿಡೋಣ ಅಂತ ತಿರುಗಿದೆ. ಅವರು ತಮ್ಮ ಎಡಪಕ್ಕೆ ಒತ್ತಿಕೊಂಡು ಗೋಡೆಗೆ ಒರಗಿದ್ದರು.

"ನಂಗೂ ಹಿಂಗೇ ನೋಯ್ತದೆ ಕಣೇ. ಲೈನ್ ಬಿಟ್ಟು ಕದಲಿದ್ರೆ ಮೇಲಿನೋರು ನನ್ನ ಬಯ್ತಾರೆ. ನೀನು ನನ್ನ ಬಯ್ದೆ, ಸರಿ. ನಾನು ಯಾರನ್ನ ಬಯ್ಲಿ?"