ಅವನು ಬರೆದುಕೊಡದ ಮುಚ್ಚಳಿಕೆ

ಎಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಾವು ಕ್ಯಾಲಿಫೋರ್ನಿಯಾದ ಯೂನಿಯನ್ ಸಿಟಿಯ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಯಜಮಾನರು ಬೆಳಿಗ್ಗೆ ಕಾರು ತೆಗೆದುಕೊಂಡು ಆಫೀಸಿಗೆ ಹೊರಟರೆ ಮನೆಯಲ್ಲಿ ಉಳಿಯುತ್ತಿದ್ದವರು ನಾನು ಮತ್ತು ಮೈಸೂರಿನಿಂದ ಬಂದಿದ್ದ ನನ್ನ ಅತ್ತೆ. ನನಗೆ ಕೆಲಸ ಮಾಡುವ ವೀಸಾ ಇರಲಿಲ್ಲ. ಕೆಳಗಿನ ಮನೆಗೆ ದಕ್ಷಿಣ ಆಫ್ರಿಕಾದ ಹೆಂಗಸೊಬ್ಬಳು ಪುಟ್ಟ ಮಗಳೊಂದಿಗೆ ಬಾಡಿಗೆಗೆ ಬಂದಳು. ಸ್ಕೂಲು ಬಿಟ್ಟ ಮೇಲೆ ತಾಯಿ ಬರುವವರೆಗೆ ಮಗುವನ್ನು ನೋಡಿಕೊಳ್ಳುತ್ತೇನೆಂದು ನಾನೇ ಮುಂದೆ ಬಿದ್ದು ಹೇಳಿದೆ. ನಮ್ಮ ಮನೆಯ ಮೌನ ನನಗೆ ಸಾಕಾಗಿತ್ತು.

ಊರಿನಲ್ಲಿ ಅವಳು ನರ್ಸ್ ಆಗಿದ್ದವಳು. ಇಲ್ಲಿ ವೃದ್ಧಾಶ್ರಮವೊಂದರಲ್ಲಿ ಮುದುಕರಿಗೆ ಸ್ನಾನ ಮಾಡಿಸುವ ಕೆಲಸ. ಅಲ್ಲಿಯ ಆಸ್ಪತ್ರೆಗಳ ವಿಷಯ ಒಮ್ಮೆ ಹೇಳಿದಳು: ರಸ್ತೆಯಲ್ಲಿ ಗಾಯವಾಗಿ ಬಿದ್ದಿದ್ದ ಹುಡುಗಿಯ ಪಕ್ಕಕ್ಕೇ ಆಂಬುಲೆನ್ಸ್ ಬಂತಂತೆ, ಅದು ಬಿಳಿಯರ ಆಂಬುಲೆನ್ಸ್ ಎಂದು ಖಾಲಿಯೇ ವಾಪಸ್ಸು ಹೋಯಿತಂತೆ. ಹುಡುಗಿಯ ತಲೆ ಇವಳ ತೊಡೆಯ ಮೇಲಿತ್ತು. ಇನ್ನೊಂದು ಆಂಬುಲೆನ್ಸ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವಳ ಗಂಡ ಜೈಲಿನಲ್ಲಿದ್ದ. ಇಪ್ಪತ್ತು ವರ್ಷಕ್ಕೂ ಮೀರಿ ಸೆರೆಯಲ್ಲಿದ್ದ, ಅಲ್ಲಿಯ ಕಪ್ಪು ಜನರ ನಾಯಕರ ಪಕ್ಷದವನು. ಮೈಬಣ್ಣ ನೋಡಿ ಮನುಷ್ಯರನ್ನು ಬೇರೆ ಇಡುವ ಕಾನೂನು ಹೋಗಬೇಕು ಎಂದು ಹೋರಾಡುತ್ತಿದ್ದ ಆ ನಾಯಕರು, ಆ ಕಾನೂನು ಮಾಡಿದ ಬಿಳಿಯರನ್ನೂ ಹೊರಗಿಡದೆ ಎಲ್ಲರೂ ಸೇರಿದ ಒಂದೇ ದೇಶ ಬೇಕು ಎನ್ನುತ್ತಿದ್ದರು.

"ನನ್ನ ಗಂಡ ಅದನ್ನ ಪೂರ್ತಿ ನಂಬಿದಾನೆ. ನಾನು ಕೆಲವು ದಿನ ನಂಬ್ತೀನಿ, ಕೆಲವು ದಿನ ಇಲ್ಲ," ಎಂದಿದ್ದಳು. ಹೊರಗೆ ಹೋಗಬಹುದು, ಮತ್ತೆ ಬರುವಂತಿಲ್ಲ ಎಂಬ ಪರವಾನಗಿಯ ಮೇಲೆ ಅವಳು ದೇಶ ಬಿಟ್ಟಿದ್ದಳು.

ಒಂದು ಸಂಜೆ ಮಗಳನ್ನು ಕರೆದುಕೊಂಡು ಹೋಗಲು ಬಂದವಳು ನಮ್ಮ ಟೀವಿಯ ಮುಂದೆ ನಿಂತುಬಿಟ್ಟಳು. ಹಿಂಸೆಯ ದಾರಿ ಬಿಡುತ್ತೇನೆಂದು ಮಾತು ಕೊಟ್ಟರೆ ಬಿಡುಗಡೆ ಎಂದು ಅಲ್ಲಿಯ ಸರ್ಕಾರ ಹೇಳಿತ್ತು. ಷರತ್ತಿನ ಬಿಡುಗಡೆ ನನಗೆ ಬೇಡ ಎಂದು ನಾಯಕರು ತಿರಸ್ಕರಿಸಿದ್ದರು. ಗಂಡನ ಮುಂದೆಯೂ ಅದೇ ಷರತ್ತು ಇಟ್ಟಿದ್ದಾರೆ, ಅವನೂ ಒಪ್ಪಿಲ್ಲ ಎಂದು ಕೆಲವು ದಿನಗಳಲ್ಲಿ ಅವಳಿಗೆ ತಿಳಿಯಿತು.

ಟೀವಿಯಲ್ಲಿ ಏನೆಂದರು ಎಂದು ಅತ್ತೆ ಕೇಳಿದರು. ನಾನು ಹೇಳಿದೆ.

"ಓ, ಮುಚ್ಚಳಿಕೆ ಬರೆಸ್ಕೊಳೋದು," ಎಂದರು ಅತ್ತೆ, ಪಕ್ಕದ ಬೀದಿಯ ಸುದ್ದಿ ಕೇಳಿದವರಂತೆ. "ನಮ್ಮಪ್ಪನಿಗೂ ಹಾಗೇ ಹೇಳಿದ್ರು ಕಣೆ. ಇನ್ನು ಚಳವಳಿಗೆ ಹೋಗಲ್ಲ ಅಂತ ಬರ್ಕೊಡು, ಬಿಡ್ತೀವಿ ಅಂತ. ಬರೆದುಕೊಟ್ಟೋರು ಎಷ್ಟೋ ಜನ ಮನೆಗೆ ಬಂದ್ರು. ಅಪ್ಪ ಬರಲಿಲ್ಲ."

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಅವಳು ಅತ್ತೆಯ ಪಕ್ಕದಲ್ಲೇ ಕುಳಿತಳು. "ಅವರ ತಾಯಿಗೆ ಹೆಮ್ಮೆ ಆಗಿರಬೇಕು ಅಲ್ವಾ? ಕೇಳು."

ಅತ್ತೆ ಸೆರಗಿನಿಂದ ಕನ್ನಡಕ ಒರೆಸಿಕೊಂಡರು. "ಜನದ ಮುಂದೆ ಹೆಮ್ಮೆ ಇತ್ತು. ಆದ್ರೆ ಆ ವರ್ಷ ನನ್ನ ತಮ್ಮ ಜ್ವರ ಬಂದು ಹೋಗ್ಬಿಟ್ಟ. ಅಪ್ಪ ಬಂದ ಮೇಲೆ ಅಮ್ಮ ಅವರಿಗೆ ಊಟ ಬಡಿಸ್ತಿದ್ರು, ಎಲ್ಲಾ ಮಾಡ್ತಿದ್ರು. ಮಾತಾಡ್ತಿರಲಿಲ್ಲ. ಸಾಯೋವರೆಗೂ ಅಷ್ಟೇ."

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಅತ್ತೆ ಹೇಳಿದ್ದನ್ನೆಲ್ಲ ಹಾಗೆಯೇ ಹೇಳಿದೆ. "ಥ್ಯಾಂಕ್ ಯೂ," ಎಂದು ಅತ್ತೆಯ ಕೈ ಹಿಡಿದಳು. ಅದಕ್ಕೇಕೆ ಥ್ಯಾಂಕ್ಸು ಎಂದು ಅತ್ತೆಗೆ ತಿಳಿಯಲಿಲ್ಲ.

ಅವಳ ಮೈದುನ ಊರಿನಿಂದ ಫೋನು ಮಾಡುತ್ತಿದ್ದುದು ಅಲ್ಲಿಯ ಸಂಜೆ. ನಮಗದು ಬೆಳಗ್ಗೆ, ಅವಳು ಕೆಲಸದಲ್ಲಿರುವ ಹೊತ್ತು. ಹಾಗಾಗಿ ನಮ್ಮ ನಂಬರು ಕೊಟ್ಟಿದ್ದಳು. ಗಂಡನಿಗೆ ಶ್ವಾಸಕೋಶದ ಕಾಯಿಲೆ ಎಂಬ ಸುದ್ದಿ ಬಂದದ್ದು ನನ್ನ ಕಿವಿಗೇ. ಅವನು ಯಾರ ಮಾತೂ ಕೇಳುವುದಿಲ್ಲ, ಅತ್ತಿಗೆ ಒಂದು ಮಾತು ಹೇಳಿಕಳಿಸಿದರೆ ಸೈನ್ ಮಾಡಿಯಾನು, ಕೇಳಿ ನೋಡಿ ಎಂದು ಮೈದುನ ಬೇಡಿಕೊಂಡ.

ಸಂಜೆ ಅವಳಿಗೆ ತಿಳಿಸಿದೆ. ಕಾರಿಡಾರಿನ ಕಂಬಿ ಹಿಡಿದು ನಿಂತಳು.

"ನೀನಾಗಿದ್ರೆ ಏನು ಮಾಡ್ತಿದ್ದೆ?"

ನಾನೂ ಹೋಗಿ ಅವಳ ಪಕ್ಕ ಕಂಬಿ ಹಿಡಿದು ನಿಂತೆ.

"ನಾನು ಹೇಳಿದ್ರೆ ಅವನು ಮಾಡ್ತಾನೆ. ಆಮೇಲೆ ಬದುಕಿರ್ತಾನೆ. ಆದ್ರೆ ಅವನಾಗಿ ಇರಲ್ಲ." ಒಂದು ವಾರ ಹೀಗೇ ಹೊಯ್ದಾಡಿದಳು. ನೋಡಲು ಹೋಗಲಾದರೂ ಬಿಡಿ ಎಂದು ಅವರ ದೇಶದ ರಾಯಭಾರ ಕಚೇರಿಯನ್ನು ಕೇಳಿಕೊಂಡಳು. ಆಗುವುದಿಲ್ಲ ಎಂದರು. ಕೊನೆಗೆ ಬೆಳಿಗ್ಗೆ ಕೆಲಸಕ್ಕೆ ರಜೆ ಹಾಕಿ ನಮ್ಮ ಮನೆಯಲ್ಲಿ ಕುಳಿತು, ಫೋನು ಬಂದಾಗ ಮೈದುನನಿಗೆ ಇಷ್ಟೇ ಹೇಳಿದಳು: "ನಾನು ಏನೂ ಹೇಳಲಿಲ್ಲ ಅಂತ ಹೇಳು. ಅವನಿಗೆ ಅರ್ಥ ಆಗುತ್ತೆ."

ಆ ಭಾನುವಾರ ಅತ್ತೆ ಹಟ ಹಿಡಿದು ಲಿವರ್‌ಮೋರಿನ ದೇವಸ್ಥಾನಕ್ಕೆ ನಮ್ಮನ್ನು ಹೊರಡಿಸಿದರು. ಅರ್ಚನೆಗೆ ಅವಳ ಗಂಡನ ಹೆಸರು ಕೊಟ್ಟಾಗ ಅರ್ಚಕರು ಎರಡು ಸಲ ಕೇಳಿಸಿಕೊಂಡು, "ಗೋತ್ರ?" ಎಂದರು. ಅತ್ತೆ ತಡವರಿಸದೆ ತಮ್ಮ ತಂದೆಯ ಗೋತ್ರ ಹೇಳಿದರು. ಪ್ರಸಾದ ತಂದು ಕೊಟ್ಟಾಗ ಅವಳು ಕುಂಕುಮವನ್ನು ಏನು ಮಾಡಬೇಕೆಂದು ತಿಳಿಯದೆ ಅಂಗೈಯಲ್ಲೇ ಇಟ್ಟುಕೊಂಡಿದ್ದಳು.

ನವೆಂಬರಿನಲ್ಲಿ ಇಲ್ಲಿಯ ಮಳೆಗಾಲ ಶುರುವಾದ ಮೇಲೆ ಒಂದು ಬೆಳಿಗ್ಗೆ ಫೋನು ಬಂತು. ಮೈದುನ ಮಾತಾಡುವ ಮೊದಲೇ ಅಳುತ್ತಿದ್ದ. ಅತ್ತೆ ನನ್ನ ಮುಖ ನೋಡಿಯೇ ಒಲೆ ಆರಿಸಿದರು.

ವೃದ್ಧಾಶ್ರಮಕ್ಕೆ ಫೋನು ಮಾಡಲೆಂದು ರಿಸೀವರ್ ಎತ್ತಿದೆ, ಇಟ್ಟೆ. ಮನೆಗೆ ಬಾ ಎಂದರೆ ಏಕೆ ಎಂದು ಕೇಳುತ್ತಾಳೆ. ಹೋಗಿ ಕರೆತರಲು ಕಾರಿಲ್ಲ, ಇದ್ದರೂ ನನಗೆ ಓಡಿಸಲು ಬರುತ್ತಿರಲಿಲ್ಲ. ಇಡೀ ದಿನ ಆ ಸುದ್ದಿಯನ್ನು ಹೊತ್ತು ಅಡುಗೆಮನೆ, ಕಿಟಕಿ ಎಂದು ಅಲೆದೆ. ಮಧ್ಯಾಹ್ನ ಮಗು ಬಂದಿತು. ಶೂ ಬಿಚ್ಚಿ ಎಸೆದು, "ಆಂಟಿ, ಈಸ್ ದೇರ್ ಮೊಸರನ್ನ?" ಎಂದಿತು. ಕಲಸಿಕೊಟ್ಟೆ. ತಾಯಿಗಿಂತ ಮೊದಲು ಮಗಳಿಗೆ ಹೇಳುವ ಹಕ್ಕು ನನಗಿರಲಿಲ್ಲ. ಅದು ಕಾರ್ಟೂನು ನೋಡಿ ಜೋರಾಗಿ ನಕ್ಕಿತು. ಅತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಸಂಜೆ ಅವಳು ರೈಲು ಸ್ಟೇಷನ್ನಿನಿಂದ ನಡೆದು ಬರುವುದು ಕಿಟಕಿಯಿಂದ ಕಂಡಿತು. ಕೈಯಲ್ಲಿ ಗ್ರೋಸರಿ ಚೀಲ. ನಾನು ಮೆಟ್ಟಿಲಿಳಿದು ಎದುರು ಹೋದೆ. ಬಾಯಿ ತೆರೆಯುವ ಮೊದಲೇ ಚೀಲವನ್ನು ಮೆಟ್ಟಿಲ ಮೇಲಿಟ್ಟು, "ಯಾವಾಗ?" ಎಂದಳು.

"ನಿನ್ನೆ."

ಅವಳು ಕೂರಲೂ ಇಲ್ಲ, ಅಳಲೂ ಇಲ್ಲ. "ಶವ ಕೊಡ್ತಾರಂತಾ?" ಎಂದಳು. ಕೊಡುತ್ತಾರೆ, ಆದರೆ ಹೆಚ್ಚು ಜನ ಸೇರುವಂತಿಲ್ಲ ಎಂದು ಪೊಲೀಸರು ಹೇಳಿದ್ದಾರಂತೆ ಎಂದೆ. ತಲೆಯಾಡಿಸಿ ಮಗಳಿಗೆ ಹೇಳಲು ಮೇಲೆ ಹತ್ತಿದಳು. ಅತ್ತೆಯೂ ನಾನೂ ಕಾರಿಡಾರಿನಲ್ಲಿ ನಿಂತೆವು. ಒಳಗಿನಿಂದ ಮಗುವಿನ ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳುತ್ತಿತ್ತು: ಅಪ್ಪ ಯಾಕೆ ಸೈನ್ ಮಾಡಲಿಲ್ಲ?

ಓಕ್‌ಲ್ಯಾಂಡಿನ ಚರ್ಚಿನಲ್ಲಿ ಅವನಿಗಾಗಿ ಪ್ರಾರ್ಥನೆ ನಡೆಯಿತು. ಗೋಡೆಯ ಮೇಲೆ ನಾಯಕರ ಹಳೆಯ ಚಿತ್ರ. ಸೆರೆಗೆ ಹೋದ ಮೇಲಿನದು ಯಾರ ಬಳಿಯೂ ಇರಲಿಲ್ಲ. ಅವನು ಕೊನೆಯವರೆಗೂ ಬಾಗಲಿಲ್ಲ ಎಂದು ಒಬ್ಬರ ನಂತರ ಒಬ್ಬರು ಹೇಳಿದರು, ಜನ ಎದ್ದು ನಿಂತು ಹಾಡಿದರು. ವಾಪಸ್ಸು ಬರುವಾಗ ಫ್ರೀವೇಯಲ್ಲಿ, ಹಿಂದಿನ ಸೀಟಿನಿಂದ ಅವಳು ಮೆಲ್ಲಗೆ, "ನಾನೊಂದು ಮಾತು ಹೇಳಿದ್ರೆ ಮಾಡ್ತಿದ್ದ," ಎಂದಳು. ಏನೆಂದಳು ಎಂದು ಅತ್ತೆ ಕೇಳಿದರೂ ನಾನು ಅದನ್ನು ಕನ್ನಡಕ್ಕೆ ತರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅತ್ತೆ ಊರಿಗೆ ಮರಳಿದರು, ನಾವು ಕ್ಯಾಂಪ್‌ಬೆಲ್‌ಗೆ ಮನೆ ಬದಲಾಯಿಸಿದೆವು. ಸಾಮಾನು ತುಂಬುವ ದಿನ ಅವಳೇ ಬಂದು ಪಾತ್ರೆಗಳಿಗೆ ಪೇಪರು ಸುತ್ತಿಕೊಟ್ಟಳು. ಆ ಪೇಪರುಗಳಲ್ಲಿ ಅವಳ ದೇಶದ ಸುದ್ದಿಯಿತ್ತು, ಗುಂಡೇಟು, ಹೆಣ, ಕರ್ಫ್ಯೂ. ಓದದೆಯೇ ಸುತ್ತುತ್ತಿದ್ದಳು. ನಾಯಕರು ಆಗಲೂ ಜೈಲಿನಲ್ಲೇ ಇದ್ದರು.